ನೆಲ್ಯಾಡಿಯಲ್ಲಿಟ್ಟ ಚೀಲ

ಕಳೆದ ವಾರ ನೆಲ್ಯಾಡಿಯಲ್ಲಿ ಬಸ್ಸಿಳಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ರಬ್ಬರ್ ಹಾಳೆಯ ವಾಸನೆ. ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಹುಳಿ ಬಂದ ಹಾಲಿಗೆ ಹೊಗೆ ಹಾಕಿ ಒದ್ದೆ ಗೋಣಿಯಲ್ಲಿ ಕಟ್ಟಿಟ್ಟರೆ ಹೇಗಿರುತ್ತದೋ, ಸುಮಾರು ಹಾಗೆ. ನನ್ನ ಜೊತೆಗೇ ಇಳಿದ ಘಟ್ಟದ ಮೇಲಿನ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ರೀ ಇದು, ಏನಾದ್ರೂ ಸತ್ತಿದೆಯಾ?" ಅಂತ ಕೇಳಿದಳು. "ಎಂತದೂ ಸತ್ತಿಲ್ಲ, ಅದು ನಮ್ಮ ಊರಿನ ಅನ್ನ" ಅಂತ ಹೇಳಿ ನಾನು ಬೇಕೆಂದೇ ಉದ್ದಕ್ಕೆ ಉಸಿರೆಳೆದುಕೊಂಡೆ. ಅವಳು ನನ್ನನ್ನು ಒಂದು ಥರ ನೋಡಿ ದೂರ ಸರಿದಳು. ಸರಿಯಲಿ. ಆ ವಾಸನೆಯಲ್ಲಿ ನನಗೆ ಒಂದು ಚೀಲ ಕಾಣುತ್ತದೆ. ನೀಲಿ ಬಣ್ಣದ್ದು, ಜಿಪ್ಪು ಕೆಟ್ಟದ್ದು, ನಾನೇ ಹೊಸ ಜಿಪ್ಪು ಹಾಕಿ ಹೊಲಿದು ಕೊಟ್ಟದ್ದು. ಚೀಲದ ಹಿಂದೆ ಮಲರ್ ಕಾಣುತ್ತಾಳೆ, ಮಲರ್ ಸೊಂಟದ ಮೇಲೆ ಅವಳ ಮಗಳು ಕಯಲ್ ಕಾಣುತ್ತಾಳೆ. ಅವರಿಬ್ಬರೂ ನಮ್ಮ ಮನೆಯಲ್ಲಿದ್ದ ಆ ಒಂದು ಮಳೆಗಾಲ ಪೂರ್ತಿ ಎದುರು ಬಂದು ನಿಲ್ಲುತ್ತದೆ.

ನಾನು ಪೆರಾಬೆಯವಳು, ಅಂದರೆ ಮದುವೆಯಾಗಿ ಬಂದು ಪೆರಾಬೆಯವಳಾದವಳು. ಹುಟ್ಟಿದ್ದು ಸುಳ್ಯದ ಕಡೆ. ರಸ್ತೆ ಬದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ, ಅದರ ಬೆನ್ನಿಗೇ ಮನೆ. ನಮ್ಮವರು ಬಾಡಿಗೆ ಕಾರು ಓಡಿಸುವವರು. ಅವರಿಗೆ ಮಾತೂ ಕಡಿಮೆ, ಹಾರ್ನೂ ಕಡಿಮೆ. ಅವರ ಪಾಲಿನ ಮಾತನ್ನೂ ಸೇರಿಸಿ ಆಡಿ ಮುಗಿಸುವವರು ಅವರ ಅಮ್ಮ, ನನ್ನ ಅತ್ತೆ ಸೇಸಮ್ಮ. ಅತ್ತೆಗೆ ಹುಟ್ಟಿದ್ದೆಲ್ಲ ಗಂಡು, ನನಗೆ ಹುಟ್ಟಿದ್ದೂ ಒಂದೇ ಗಂಡು. ಮನೆಯಲ್ಲಿ ಹೆಣ್ಣು ಮಗು ಇಲ್ಲ ಅನ್ನುವ ಕೊರತೆ ನಮ್ಮ ಕಡೆ ಎದ್ದು ಕಾಣುವುದು ಆಟಿ ತಿಂಗಳಲ್ಲಿ. ಮಳೆ ಬಿಡದೆ ಹೊಡೆಯುವ, ಮದುವೆ ಮುಂಜಿ ಎಂತದೂ ಇಲ್ಲದ ತಿಂಗಳು ಅದು. ಮದುವೆಯಾಗಿ ಹೋದ ಹೆಣ್ಣು ಮಕ್ಕಳು ಆಗ ತವರಿಗೆ ಬಂದು ಕೂರುತ್ತಾರೆ. ಆಟಿ ಕೂರುವುದು ಅಂತಲೇ ಅದಕ್ಕೆ ಹೆಸರು. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆ ಹೊಸ ಸೀರೆ ಉಡಿಸಿ ಗಂಡನ ಮನೆಗೆ ಕಳಿಸುವುದು. ಮಧ್ಯದಲ್ಲಿ ಕಳಿಸುವ ಕ್ರಮ ಇಲ್ಲ. ಮದುವೆಯಾದ ಹೊಸತರಲ್ಲಿ ನಾನು ಆಟಿಗೆ ತವರಿಗೆ ಹೊರಡುವಾಗಲೆಲ್ಲ ಅತ್ತೆ ಬಾಗಿಲಲ್ಲಿ ನಿಂತು, "ಹೋಗು ಮಾರಾಯ್ತಿ, ನಿನಗೆ ಹೋಗ್ಲಿಕ್ಕೆ ಮನೆ ಉಂಟು. ನನ್ನ ಮನೆಗೆ ಬರ್ಲಿಕ್ಕೆ ಯಾರುಂಟು?" ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು.

ನಮ್ಮ ಸುಳ್ಯ, ಪುತ್ತೂರು, ಕಡಬದ ಕಡೆ ರಬ್ಬರ್ ತೋಟದ ಕಾಲನಿಗಳಲ್ಲಿರುವ ತಮಿಳರು ಲಂಕೆಯಿಂದ ಬಂದವರು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಅಜ್ಜಂದಿರ ಕಾಲದಲ್ಲಿ ಟೀ ತೋಟಕ್ಕೆ ಅಂತ ಲಂಕೆಗೆ ಹೋದವರ ಮಕ್ಕಳನ್ನು ಎರಡು ದೇಶದವರು ಕೂತು ಮಾತಾಡಿ ಹಂಚಿಕೊಂಡು, ಇಷ್ಟು ಜನ ನಿಮಗೆ ಇಷ್ಟು ಜನ ನಮಗೆ ಅಂತ ಮಾಡಿ ಈ ಕಡೆಗೆ ಹತ್ತಿಸಿ ಕಳಿಸಿದ್ದರಂತೆ. ಹಾಗೆ ಸಣ್ಣ ಹುಡುಗನಾಗಿ ಬಂದವನು ಪೆರಿಯಸಾಮಿ. ಹಾಲಿಗೆ ಅಂತ ರಬ್ಬರ್ ಮರ ಗೀರಿ ಗೀರಿಯೇ ಮುದುಕನಾದ. ತುಳು ಮಾತಾಡಿದರೆ ಯಾರೂ ತಮಿಳ ಅನ್ನುವ ಹಾಗಿಲ್ಲ. ನನ್ನ ಅಂಗಡಿಗೆ ಅವನು ಬರುತ್ತಿದ್ದುದು ಹರಿದ ಚಡ್ಡಿ ಹೊಲಿಸಲಿಕ್ಕೆ, ಮತ್ತು ಅತ್ತೆಯ ಹತ್ತಿರ ಎಲೆ ಅಡಿಕೆ ಕೇಳಿ ಜಗಳ ಮಾಡಲಿಕ್ಕೆ.

ಆ ವರ್ಷ ಬಿಸು ಹಬ್ಬ ಕಳೆದ ಸ್ವಲ್ಪ ದಿನಕ್ಕೆ ಅವನು ಒಬ್ಬಳು ಹುಡುಗಿಯನ್ನು, ಒಂದು ಮಗುವನ್ನು ಕರೆದುಕೊಂಡು ಬಂದ. "ವಾರಿಜಕ್ಕಾ, ಇದು ನನ್ನ ಅಣ್ಣನ ಮೊಮ್ಮಗಳು. ಇದರ ಚೀಲದ ಜಿಪ್ಪು ಸ್ವಲ್ಪ ಸರಿ ಮಾಡಿ ಕೊಡಿ" ಅಂದ. ಅಣ್ಣನ ಪಾಲು ಲಂಕೆಯಲ್ಲೇ ಉಳಿದಿತ್ತು. ಅಲ್ಲಿ ಗಲಾಟೆಯಾಗಿ ಟೀ ತೋಟ ಬಿಟ್ಟು ಉತ್ತರದ ಕಡೆಗೆ ಓಡಿದರು, ಅಲ್ಲಿ ಯುದ್ಧ ಬಂದು ಇನ್ನೊಂದು ಕಡೆಗೆ ಓಡಿದರು. ಮಲರ್ ಹುಟ್ಟಿದ್ದೇ ಓಡುವ ಮಧ್ಯದಲ್ಲಿ. ಅವಳ ಗಂಡನನ್ನು ಯಾರೋ ಹುಡುಕಿಕೊಂಡು ಮನೆಗೆ ಬರತೊಡಗಿದ ಮೇಲೆ ಅವನು ದೇಶ ಬಿಟ್ಟ. ಎಲ್ಲೆಲ್ಲಿಗೋ ಹೋಗಿ, ಕೊನೆಗೆ ನಾರ್ವೆಯಲ್ಲಿ ಆಶ್ರಯ ಸಿಕ್ಕಿತು. ಆಗ ಕಯಲ್ ಹೊಟ್ಟೆಯಲ್ಲಿದ್ದಳು. ಅವಳಿಗೆ ನಾಲ್ಕು ವರ್ಷವಾದರೂ ಅಪ್ಪ ಅಂದರೆ ಫೋನು. ಹೆಂಡತಿ ಮಗುವನ್ನು ಅಲ್ಲಿಗೆ ಕರೆಸುವ ಕೆಲಸ ನಡೆಯುತ್ತಿತ್ತು. ಊರಲ್ಲಿ ಕೂತರೆ ಹೆದರಿಕೆ ಅಂತ ಮಲರ್ ಇಲ್ಲಿಗೆ ಬಂದು ಕಾಯುತ್ತಿದ್ದಳು. ನಮ್ಮ ದೇಶ ಅವಳಿಗೆ ಮನೆಯೂ ಅಲ್ಲ, ಹೋಗುವ ಊರೂ ಅಲ್ಲ, ಬಸ್ ಸ್ಟ್ಯಾಂಡಿನ ಹಾಗೆ.

ಜಿಪ್ಪು ಹಾಕಿ ಕೊಟ್ಟೆ. ದುಡ್ಡು ತೆಗೆಯಲು ಹೋದಳು, ಬೈದೆ. ಮರುದಿನ ಅವಳು ಸುಮ್ಮನೆ ಬಂದು ನನ್ನ ಮೆಷಿನಿನ ಹತ್ತಿರ ಕೂತು ಅಂಗಿಗಳ ಗುಂಡಿಗೆ ಕಾಜು ಹೊಲಿಯತೊಡಗಿದಳು. "ಸುಮ್ಮನೆ ಕೂರಲಿಕ್ಕೆ ಆಗುದಿಲ್ಲ ಅಕ್ಕಾ, ಕೂತರೆ ತಲೆ ಓಡ್ತದೆ" ಅಂದಳು. ಅವಳ ಕನ್ನಡ ಪೆರಿಯಸಾಮಿಯಿಂದ ಕಲಿತದ್ದು, ಅರ್ಧ ತಮಿಳು, ಅರ್ಧ ನಮ್ಮ ಊರಿನದು. ಬೇರೆ ದೇಶದವಳಲ್ಲವಾ, ವಾರಕ್ಕೊಮ್ಮೆ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕಿತ್ತು. ನಮ್ಮವರು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿಯ ಹಿರಿಯ ಪೊಲೀಸರೊಬ್ಬರು ಕಯಲ್‌ಗೆ ಕಡ್ಲೆ ಮಿಠಾಯಿ ಕೊಟ್ಟು ಕೊಟ್ಟು ಆ ಮಗು ಠಾಣೆಗೆ ಹೋಗುವುದೆಂದರೆ ಕುಣಿಯುತ್ತಿತ್ತು. ಊರಿನಲ್ಲಿ ಬೇರೆ ಯಾವ ಮಕ್ಕಳೂ ಪೊಲೀಸ್ ಠಾಣೆಗೆ ಹೋಗಬೇಕು ಅಂತ ಹಠ ಹಿಡಿದದ್ದನ್ನು ನಾನು ನೋಡಿಲ್ಲ.

ಮಳೆ ಹಿಡಿದ ಮೇಲೆ ಕಾಲನಿಯಲ್ಲಿ ಪೆರಿಯಸಾಮಿಯ ಮನೆಯ ಮಾಡಿನ ಮೇಲೆ ಒಂದು ಮರ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಒಂದು ಕೋಣೆ ಹೋಯಿತು. ಇದ್ದ ಇನ್ನೊಂದು ಕೋಣೆಯಲ್ಲಿ ಅವನ ಮಗ, ಸೊಸೆ, ಮೊಮ್ಮಕ್ಕಳು. ಪೆರಿಯಸಾಮಿ ನಮ್ಮ ಅಂಗಡಿಯ ಜಗಲಿಯಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾ, "ಒಂದು ವಾರದ ಮಟ್ಟಿಗೆ..." ಅಂತ ಶುರು ಮಾಡಿದ. ನಾನು ನಮ್ಮವರ ಮುಖ ನೋಡುವಷ್ಟರಲ್ಲಿ ಒಳಗಿನಿಂದ ಅತ್ತೆಯ ಧ್ವನಿ ಬಂತು. "ವಾರ ಎಂತಕ್ಕೆ? ಇನ್ನು ಆಟಿ ಬರ್ತದೆ. ನನ್ನ ಮನೆಯಲ್ಲಿ ಆಟಿ ಕೂರ್ಲಿ ಆ ಹುಡುಗಿ. ನೀನು ಸುಮ್ಮನೆ ಎಲೆ ಅಡಿಕೆ ಹಾಕಿ ಮನೆಗೆ ಹೋಗು."

ಹಾಗೆ ಬಂದರು. ಅತ್ತೆಗೆ ಆವತ್ತಿನಿಂದ ಎರಡನೇ ಹರೆಯ. ಕಯಲ್‌ಳ ಬಾಯಲ್ಲಿ ವಾರ ಕಳೆಯುವುದರೊಳಗೆ ತುಳು ಬಂತು. ಅತ್ತೆಯನ್ನು "ಅಮ್ಮಮ್ಮಾ" ಅಂತ ಕರೆಯುತ್ತಿತ್ತು. ಅವರ ಭಾಷೆಯಲ್ಲೂ ಅಜ್ಜಿಗೆ ಹಾಗೆಯೇ ಅನ್ನುವುದಂತೆ. ಫೋನಿನಲ್ಲಿ ಅಪ್ಪನ ಹತ್ತಿರ ಹಲಸಿನ ಬೀಜ ಸುಟ್ಟ ಕತೆಯನ್ನು ತುಳುವಿನಲ್ಲೇ ಹೇಳುವುದು, ಅವನು ಪಾಪ ಆ ಕಡೆ ಹಿಮದ ಮಧ್ಯೆ ನಿಂತು "ಎನ್ನಮ್ಮಾ? ಎನ್ನ ಸೊಲ್ರ?" ಅಂತ ಏನೂ ತಿಳಿಯದೆ ತಮಿಳಿನಲ್ಲಿ ಕೇಳುವುದು, ಅತ್ತೆ ಮಧ್ಯದಲ್ಲಿ ತಲೆ ಹಾಕಿ ಅವನಿಗೆ ಇನ್ನೂ ಜೋರಾಗಿ ತುಳುವಿನಲ್ಲೇ ವಿವರಿಸುವುದು. ಜೋರಾಗಿ ಹೇಳಿದರೆ ಯಾರಿಗೂ ಯಾವ ಭಾಷೆಯೂ ಅರ್ಥವಾಗುತ್ತದೆ ಅಂತ ಅತ್ತೆಯ ನಂಬಿಕೆ.

ಬೆಂಗಳೂರಿನಿಂದ ಒಬ್ಬರು ಮೇಡಂ ಆಗಾಗ ಫೋನು ಮಾಡುತ್ತಿದ್ದರು. ಇಂಥವರಿಗೆ ಸಹಾಯ ಮಾಡುವ ಒಂದು ಸಂಸ್ಥೆಯವರು. ಅವರ ಹೆಸರು ಫೋನಿನಲ್ಲಿ ಕಂಡರೆ ಮಲರ್ ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದಳು. ಕಾರ್ತೆಲು ತಿಂಗಳು ಮುಗಿಯುತ್ತಾ ಬಂದಿತ್ತು, ಇನ್ನೇನು ಆಟಿ ಹುಟ್ಟಬೇಕು, ಒಂದು ಬೆಳಿಗ್ಗೆ ಆ ಫೋನು ಬಂತು. ಮಲರ್ ಕೇಳಿಸಿಕೊಂಡಳು, "ಸರಿ ಮೇಡಂ, ಸರಿ ಮೇಡಂ" ಅಂದಳು, ಫೋನು ಇಟ್ಟು ನನ್ನ ಮೆಷಿನಿನ ಮೇಲೆ ತಲೆ ಇಟ್ಟು ಅತ್ತಳು. ಅನುಮತಿ ಬಂದಿತ್ತು. ವಿಮಾನದ ಟಿಕೇಟನ್ನೂ ಅವರೇ ತೆಗೆದಿದ್ದರು. ದಿನ ನಿಗದಿ. ಆ ದಿನ ತಪ್ಪಿದರೆ ಅಲ್ಲಿಗೆ ಹೋಗುವ ಅನುಮತಿಯ ಅವಧಿ ಮುಗಿಯುತ್ತದೆ, ಇಲ್ಲಿ ಇರುವ ಅನುಮತಿಯೂ ಮುಗಿಯುತ್ತದೆ. ಮತ್ತೆ ಎಲ್ಲ ಮೊದಲಿಂದ. ಅಥವಾ ಮೊದಲಿಂದ ಅನ್ನುವುದೂ ಇಲ್ಲ, ವಾಪಸ್ ಲಂಕೆಗೇ.

ನಾನು ಖುಷಿಯಲ್ಲಿ ಬೆಲ್ಲ ಹುಡುಕಲು ಅಡುಗೆ ಮನೆಗೆ ಓಡಿದೆ. ಅತ್ತೆ ಬೆರಳು ಮಡಚಿ ದಿನ ಲೆಕ್ಕ ಹಾಕುತ್ತಾ ಕೂತಿದ್ದರು. ಮುಖ ಸಣ್ಣದಾಗಿತ್ತು.

"ಆಟಿಯ ಮಧ್ಯಕ್ಕೆ ಬೀಳ್ತದೆ" ಅಂದರು.

"ಬಿದ್ದರೆ ಬೀಳ್ಲಿ ಅತ್ತೆ, ಅವರಿಗೆ ನಾರ್ವೆಯಲ್ಲಿ ಆಟಿ ಸೋಣ ಎಲ್ಲ ಗೊತ್ತುಂಟಾ?"

"ಅವರಿಗೆ ಗೊತ್ತಿಲ್ಲದಿದ್ರೆ ನಮಗೆ ಗೊತ್ತಿಲ್ವಾ? ಆಟಿಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುದುಂಟಾ? ಹಾಗೆ ಹೋದವಳು ಬಾಳಿದ್ದನ್ನು ನಾನು ನೋಡ್ಲಿಲ್ಲ."

ಅತ್ತೆ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಗಳು ಅಂತ ಒಬ್ಬಳು ಮೊದಲ ಸಲ ಆಟಿ ಕೂರಲು ಬಂದಿದ್ದಳು, ಅವಳನ್ನು ಸೋಣದವರೆಗೆ ಇಟ್ಟುಕೊಳ್ಳುವ ಆಸೆ. ನಮ್ಮ ಕಡೆಯ ಹೆಂಗಸರು ಬೇಸರ ಬಂದಾಗ ಇಂಥ ಮಾತು ದಿನಕ್ಕೆ ಹತ್ತು ಆಡುತ್ತಾರೆ, ಸಂಜೆಗೆ ಮರೆಯುತ್ತಾರೆ. ಆದರೆ ಮಲರ್ ನಮ್ಮ ಕಡೆಯವಳಲ್ಲವಲ್ಲ. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಮರುದಿನ ಅವಳು ಚಹಾ ಕುಡಿಯಲಿಲ್ಲ. ಕಾಜು ಹೊಲಿಯಲೂ ಇಲ್ಲ. ನಾನು ಕೇಳಿ ಕೇಳಿ ಸಾಕಾದ ಮೇಲೆ ಬಾಯಿ ಬಿಟ್ಟಳು. "ನಾನು ಹೋಗುದಿಲ್ಲ ಅಕ್ಕಾ."

"ತಲೆ ಕೆಟ್ಟಿದೆಯಾ ನಿನಗೆ?"

"ಅಮ್ಮಮ್ಮ ಹೇಳಿದ್ದು ಕೇಳಿದೆ. ನನಗೆ ಹೆದರಿಕೆ ಆಗ್ತದೆ. ನಾವು ಒಂದು ಸಲವೂ ದಿನ ನೋಡಿ ಹೊರಡಲಿಲ್ಲ. ಯಾವತ್ತೂ ಯಾರೋ ಓಡಿ ಅಂದರು, ಓಡಿದೆವು. ಅಪ್ಪ ಹೋದ ದಿನ ಅಮ್ಮ ಕೈ ಹಿಡಿದು ಹೇಳಿದ್ದರು, ಇವತ್ತು ಬೇಡ ಅಂತ. ಅಪ್ಪ ಕೇಳಲಿಲ್ಲ. ಮತ್ತೆ ಬರಲಿಲ್ಲ." ಅವಳು ಕಯಲ್‌ಳ ಕಡೆ ನೋಡಿದಳು. ಮಗು ಅಂಗಳದ ನೀರಿನಲ್ಲಿ ಅಡಿಕೆ ಹಾಳೆ ತೇಲಿಬಿಡುತ್ತಿತ್ತು. "ಈ ಒಂದು ಸಲ ಒಳ್ಳೆ ದಿನ ನೋಡಿ ಹೋಗಬೇಕು ಅಂತ ಇತ್ತು. ಇದೇ ಕೊನೆಯ ಹೋಗುದು ಅಲ್ವಾ ಅಕ್ಕಾ."

ನನಗೆ ಬಂದ ಸಿಟ್ಟಿಗೆ ಅಳತೆ ಇಲ್ಲ. ಸೀದಾ ಅಡುಗೆ ಮನೆಗೆ ಹೋಗಿ ಅತ್ತೆಯನ್ನು ಝಾಡಿಸಿದೆ. ನಿಮ್ಮ ನಾಲಿಗೆಯಿಂದಾಗಿ ಒಂದು ಹುಡುಗಿಯ ಬದುಕು ಹಾಳಾಗುತ್ತದೆ, ಒಂದು ಮಗು ಅಪ್ಪನ ಮುಖ ನೋಡದೆ ದೊಡ್ಡದಾಗುತ್ತದೆ, ಮಾಡಿ ಹಾಕಿದವರು ನೀವು, ಸರಿ ಮಾಡುವವರೂ ನೀವೇ ಅಂತ. ಮದುವೆಯಾಗಿ ಬಂದ ಮೇಲೆ ಅತ್ತೆಯ ಎದುರು ಅಷ್ಟು ಧ್ವನಿ ಎತ್ತಿದ್ದು ಅದೇ ಮೊದಲು. ನಮ್ಮವರು ಕಾರು ತೊಳೆಯುವ ನೆಪದಲ್ಲಿ ಮಳೆಗೇ ಹೊರಗೆ ಹೋದರು. ಅತ್ತೆ ಅಕ್ಕಿ ಆರಿಸುತ್ತಿದ್ದ ಗೆರಸೆಯನ್ನು ಕೆಳಗಿಟ್ಟು ಗೋಡೆ ನೋಡುತ್ತಾ ಕೂತರು. ಅವರು ಸುಮ್ಮನೆ ಕೂತದ್ದನ್ನು ನೋಡಿ ನನಗೇ ಹೆದರಿಕೆಯಾಯಿತು.

ಮಲರ್‌ಗೆ ಬುದ್ಧಿ ಹೇಳಲು ಎಲ್ಲರೂ ನೋಡಿದರು. ಪೆರಿಯಸಾಮಿ ಬಂದು ತಮಿಳಿನಲ್ಲಿ ಬೈದ, ಬೈದು ಅವನೇ ಅತ್ತ. ಗಂಡ ಫೋನಿನಲ್ಲಿ ಬೇಡಿಕೊಂಡ. ಅವಳು ಎಲ್ಲದಕ್ಕೂ ತಲೆ ತಗ್ಗಿಸಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಎದ್ದು ಬಂದು ಅವಳ ಎದುರು ನಿಂತರು.

"ಏಳು ಮಗಾ. ಇವತ್ತು ಯಾವ ತಿಂಗಳು?"

"ಗೊತ್ತಿಲ್ಲ ಅಮ್ಮಮ್ಮಾ."

"ನನಗೆ ಗೊತ್ತುಂಟು. ಇವತ್ತು ಇನ್ನೂ ಕಾರ್ತೆಲು. ನಾಳೆ ಸಂಕ್ರಮಣ, ನಾಡಿದ್ದು ಆಟಿ ಒಂದು. ಇವತ್ತು ದಿನ ಚೆಂದ ಉಂಟು. ನೀನು ಇವತ್ತೇ ಹೊರಡುದು."

ನಮಗೆ ಯಾರಿಗೂ ತಲೆ ಬುಡ ತಿಳಿಯಲಿಲ್ಲ. ಆಗ ಅತ್ತೆ ಅವರ ಅಪ್ಪನ ಕತೆ ತೆಗೆದರು. ಅವರ ಅಪ್ಪ ಎತ್ತಿನ ಗಾಡಿಯಲ್ಲಿ ಸಾಮಾನು ತುಂಬಿಸಿ ಘಟ್ಟಕ್ಕೆ ಹೋಗುವವರಂತೆ. ಹೋಗಲೇಬೇಕಾದ ದಿನ ಸರಿಯಿಲ್ಲದಿದ್ದರೆ ಮೊದಲೇ ಒಂದು ಒಳ್ಳೆಯ ದಿನ ಕಂಬಳಿಯ ಕಟ್ಟನ್ನು ತೆಗೆದುಕೊಂಡು ಹೋಗಿ, ಹೋಗುವ ದಾರಿಯಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಿದ್ದರು. ಅದಕ್ಕೆ ಪ್ರಸ್ಥಾನ ಇಡುವುದು ಅನ್ನುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಮತ್ತೆ ಮನುಷ್ಯ ಯಾವತ್ತು ಹೋದರೂ ಹೊರಟದ್ದು ಆ ಒಳ್ಳೆಯ ದಿನವೇ.

"ನಿನ್ನ ಚೀಲ ಇವತ್ತು ಹೊರಡ್ತದೆ, ನೀನೇ ಹೋಗಿ ಇಟ್ಟು ಬಾ" ಅಂದರು ಅತ್ತೆ. "ಮತ್ತೆ ನನ್ನ ಮನೆಗೆ ಬಂದು ಕೂತರೂ ಅದು ದಾರಿಯಲ್ಲಿ ನಿಂತದ್ದು ಅಂತ ಲೆಕ್ಕ. ಆಟಿಯಲ್ಲಿ ನಾನು ಯಾರನ್ನೂ ಕಳಿಸ್ಲಿಲ್ಲ. ನಿನ್ನನ್ನು ಕಳಿಸಿದ್ದು ಕಾರ್ತೆಲಿನಲ್ಲಿ."

ಮಲರ್ ಅವರ ಮುಖವನ್ನೇ ನೋಡುತ್ತಿದ್ದಳು. "ನಿಜವಾ ಅಮ್ಮಮ್ಮಾ?"

"ನಿನ್ನ ಹತ್ತಿರ ಸುಳ್ಳು ಹೇಳಿ ನನಗೆ ಎಂತ ಸಿಗ್ತದೆ?"

ನೀಲಿ ಚೀಲ ತುಂಬಿಸುವ ಕೆಲಸ ಪೂರ್ತಿ ಅತ್ತೆಯದು. ನಮ್ಮನ್ನು ಹತ್ತಿರ ಬಿಡಲಿಲ್ಲ. ಚೀಲದ ಮೂಲೆಗೆ ಅರಸಿನ ಕುಂಕುಮ ಮುಟ್ಟಿಸಿ, ದೀಪ ಹಚ್ಚಿ, ಮಲರ್ ಮತ್ತು ಕಯಲ್ ಇಬ್ಬರ ಕೈಯನ್ನೂ ಚೀಲದ ಹಿಡಿಗೆ ಸೇರಿಸಿ ಹೊಸ್ತಿಲು ದಾಟಿಸಿದರು. ಬೆಂಗಳೂರಿನ ದಾರಿ ಅಂದರೆ ನೆಲ್ಯಾಡಿ. ನೆಲ್ಯಾಡಿಯಲ್ಲಿ ನಮಗೆ ಆಗುವವಳು ಅಂದರೆ ತ್ರೇಸಿಯಮ್ಮ. ಅವಳ ಅಜ್ಜ ಅಜ್ಜಿ ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದವರು. ಅವಳು ನನ್ನ ಹಳೆಯ ಗಿರಾಕಿ, ನನ್ನಷ್ಟೇ ಬಾಯಿಬಡುಕಿ. ಕಾರಿನಿಂದ ಇಳಿದ ಚೀಲವನ್ನೂ ಹಣೆಗೆ ಕುಂಕುಮ ಇಟ್ಟುಕೊಂಡ ನಮ್ಮನ್ನೂ ನೋಡಿ, "ಎಂಡೆ ಕರ್ತಾವೇ" ಅಂತ ಮಲಯಾಳದಲ್ಲಿ ದೇವರನ್ನು ಕರೆದು, "ಯಾರ ಮದುವೆ?" ಅಂದಳು. ವಿಷಯ ಕೇಳಿದ ಮೇಲೆ ನಗಲಿಲ್ಲ. ಅವಳ ಅಜ್ಜಿಯೂ ಊರು ಬಿಡುವಾಗ ಹೀಗೇ ದಿನ ನೋಡಿ ಬಿಟ್ಟಿದ್ದಳಂತೆ. ರಬ್ಬರ್ ಹಾಳೆಗೆ ಹೊಗೆ ಕೊಡುವ ಕೋಣೆಯ ಪಕ್ಕದ ಮೊಳೆಗೆ, ಇಲಿ ಮುಟ್ಟದ ಹಾಗೆ, ಚೀಲವನ್ನು ನೇತು ಹಾಕಿದಳು.

ವಾಪಸ್ ಬರುವಾಗ ಮಲರ್ ಕಾರಿನಲ್ಲಿ ನಿದ್ದೆ ಮಾಡಿದಳು. ಅವಳು ಹಗಲಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಈಗ ನಗು ಬರುತ್ತದೆ, ಆಗ ಸಾಕು ಸಾಕಾಗಿತ್ತು. ಅತ್ತೆ ಒಳ್ಳೆಯದೆಲ್ಲ ಮೊದಲು ಹೋಗಲಿ ಅಂತ ಬೇಕಾದ್ದು ಬೇಡದ್ದು ಎಲ್ಲ ಚೀಲಕ್ಕೆ ತುಂಬಿಸಿದ್ದರು. ಫೋನಿನ ಚಾರ್ಜರ್ ಚೀಲದಲ್ಲಿ. ಕಯಲ್ ತಬ್ಬಿಕೊಂಡು ಮಲಗುವ, ನಾನು ತುಂಡು ಬಟ್ಟೆಯಲ್ಲಿ ಹೊಲಿದುಕೊಟ್ಟ ಮೊಲ ಚೀಲದಲ್ಲಿ. ಮಲರ್‌ಳ ಕನ್ನಡಕ ಕೂಡ ಚೀಲದಲ್ಲಿ. ಪ್ರಸ್ಥಾನ ಇಟ್ಟದ್ದನ್ನು ವಾಪಸ್ ತರುವ ಹಾಗಿಲ್ಲ ಅಂತ ಅತ್ತೆಯ ಕಾನೂನು. "ಅಲ್ಲಿಗೇ ಹೋಗಿ ಉಪಯೋಗಿಸಿ ಬನ್ನಿ" ಅಂದುಬಿಟ್ಟರು. ಚಾರ್ಜರ್ ಒಂದನ್ನು ನಮ್ಮವರು ಹೊಸದು ತಂದರು. ಮೊಲ ಹೊಸದು ತರಲಿಕ್ಕೆ ಆಗುತ್ತದಾ? ಇನ್ನೊಂದು ಹೊಲಿದು ಕೊಟ್ಟೆ, ಇದು ಅದಲ್ಲ ಅಂತ ಮಗು ಎಸೆಯಿತು. ಹಾಗಾಗಿ ನಮ್ಮವರಿಗೆ ಆ ಕಡೆ ಬಾಡಿಗೆ ಸಿಕ್ಕಿದಾಗಲೆಲ್ಲ ತಾಯಿ ಮಗಳು ನೆಲ್ಯಾಡಿಗೆ ಹೋಗಿ, ಮೊಲವನ್ನು ಮಾತಾಡಿಸಿ, ಮಲರ್ ಕನ್ನಡಕ ಹಾಕಿ ತ್ರೇಸಿಯಮ್ಮನ ಟಿವಿ ನೋಡಿ, ಎಲ್ಲ ವಾಪಸ್ ಚೀಲಕ್ಕೆ ಹಾಕಿ ಬರುವುದು. ಕಯಲ್ ಎಲ್ಲರ ಹತ್ತಿರ, "ನಮ್ಮ ಚೀಲ ಅಪ್ಪನ ಮನೆಗೆ ಹೋಗಿದೆ" ಅಂತ ಹೇಳಿಕೊಂಡು ತಿರುಗುತ್ತಿತ್ತು. ಅದರ ಲೆಕ್ಕದಲ್ಲಿ ಅಪ್ಪನ ಮನೆ ನೆಲ್ಯಾಡಿಯಲ್ಲೇ ಇತ್ತು, ಅಪ್ಪ ಬರುವುದು ಮಾತ್ರ ತಡವಾಗಿತ್ತು.

ಆಟಿ ಹುಟ್ಟಿತು. ಅತ್ತೆ ಜೀವಮಾನದಲ್ಲಿ ಮಗಳಿಗೆ ಮಾಡಿಕೊಡದ್ದನ್ನೆಲ್ಲ ಆ ಸ್ವಲ್ಪ ದಿನದಲ್ಲಿ ಮಾಡಿ ಹಾಕಿದರು. ಪತ್ರೊಡೆ, ಕಳಲೆ, ತಗತೆ ಸೊಪ್ಪಿನ ವಡೆ, ಹಲಸಿನ ಹಣ್ಣಿನ ಗಟ್ಟಿ. ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ. ಆ ಕಹಿ ಕುಡಿದವರಿಗೇ ಗೊತ್ತು. ಕಯಲ್ ಒಂದು ಗುಟುಕು ಬಾಯಿಗೆ ಹಾಕಿ ಸೀದಾ ಅತ್ತೆಯ ಸೆರಗಿಗೆ ಉಗಿಯಿತು. ಮಲರ್ ಮಾತ್ರ ಲೋಟ ಎತ್ತಿ ಒಂದೇ ಸಲಕ್ಕೆ ಕುಡಿದು, "ಇನ್ನು ಸ್ವಲ್ಪ ಉಂಟಾ ಅಮ್ಮಮ್ಮಾ?" ಅಂತ ಕೇಳಿದಳು. ಅತ್ತೆ ನನ್ನ ಕಡೆ ತಿರುಗಿ, "ನೋಡು, ಮಗಳು ಅಂದ್ರೆ ಹೀಗೆ. ನೀನು ಪ್ರತಿ ವರ್ಷ ಬಾಳೆ ಬುಡಕ್ಕೆ ಚೆಲ್ಲುದು ನನಗೆ ಗೊತ್ತಿಲ್ಲ ಅಂತ ಮಾಡಿದ್ದೀಯಾ?" ಅಂದರು.

ಹೊರಡುವ ದಿನ ಬೆಳಿಗ್ಗೆ ಪೆರಿಯಸಾಮಿ ಓಡಿಕೊಂಡು ಬಂದ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿದೆ, ಲಾರಿಗಳೆಲ್ಲ ಸಾಲಾಗಿ ನಿಂತಿವೆ ಅಂತ. ವಿಮಾನ ಮರುದಿನ ಬೆಳಗಾಗುವ ಮೊದಲು. ನಮ್ಮವರು ಅಲ್ಲಿ ಇಲ್ಲಿ ಫೋನು ಮಾಡಿ ಅಷ್ಟೇನೂ ಗಾಬರಿಯಿಲ್ಲದೆ, "ಸುಳ್ಯದ ಮೇಲೆ ಹೋಗುವ, ಸಂಪಾಜೆ, ಮಡಿಕೇರಿ. ಈಗಲೇ ಹೊರಟರೆ ಮುಟ್ಟುದು ಕಷ್ಟ ಇಲ್ಲ" ಅಂದರು. ನಾನು ಉಸಿರು ಬಿಟ್ಟೆ. ಮಲರ್‌ಳ ಮುಖ ಮಾತ್ರ ಬಿಳಚಿಕೊಂಡಿತು.

"ಚೀಲ?" ಅಂದಳು.

ಚೀಲ ನೆಲ್ಯಾಡಿಯಲ್ಲಿ. ನಾವು ಹೋಗಬೇಕಾದ್ದು ತದ್ವಿರುದ್ಧ ದಿಕ್ಕಿಗೆ. ತರಬೇಕು ಅಂದರೆ ಅದು ನಮ್ಮ ಮನೆಯ ಎದುರಿಂದಲೇ ವಾಪಸ್ ಬರಬೇಕು. ಹೊರಟ ಚೀಲ ಹೊರಟ ಮನೆಗೆ ತಿರುಗಿ ಬಂದ ಹಾಗೆ. ಬಿಟ್ಟು ಹೋಗೋಣ ಅಂದರೆ ಅಲ್ಲಿಯ ಚಳಿಗೆ ಅಂತ ನಾನು ಹೊಲಿದ ದಪ್ಪ ಬಟ್ಟೆಗಳೆಲ್ಲ ಅದರಲ್ಲೇ. ಅಲ್ಲದೆ ಅವಳ ಒಳ್ಳೆಯ ದಿನವೂ ಅದರಲ್ಲೇ ಇತ್ತು. ಮಲರ್ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅತ್ತೆ ಸೆರಗಿನ ತುದಿ ತಿರುಚುತ್ತಾ ನಿಂತರು.

ನಾನು ತ್ರೇಸಿಯಮ್ಮನಿಗೆ ಫೋನು ಮಾಡಿದೆ. ಪೂರ್ತಿ ಹೇಳುವ ಮೊದಲೇ ಅವಳು, "ಗೊತ್ತಾಯ್ತು, ಗೊತ್ತಾಯ್ತು. ನೀವು ಸವಣೂರಿಗೆ ಬಂದು ನಿಲ್ಲಿ. ನಾನು ಜೀಪಿನಲ್ಲಿ ಉಪ್ಪಿನಂಗಡಿ ಮೇಲೆ ಪುತ್ತೂರಿಗೆ ಹೋಗಿ ಸವಣೂರಿಗೆ ಬರ್ತೇನೆ" ಅಂದಳು.

"ಅಷ್ಟು ಸುತ್ತು ಎಂತಕ್ಕೆ ಮಾರಾಯ್ತಿ?"

"ನಿಮ್ಮ ಮನೆ ಎದುರಿಂದ ಬಂದರೆ ನಿಮ್ಮ ಅತ್ತೆ ನನ್ನ ಜೀಪಿಗೆ ಕಲ್ಲು ಹೊಡೆಯುದಿಲ್ವಾ?"

ಫೋನಿನ ಧ್ವನಿ ಎಲ್ಲರಿಗೂ ಕೇಳಿಸಿತ್ತು. ಅತ್ತೆ ಮೊದಲು ನಕ್ಕರು, ಮತ್ತೆ ಅತ್ತರು. ಮಲರ್ ಎದ್ದು ಅವರ ಕಾಲಿಗೆ ಬಿದ್ದಳು. ಅತ್ತೆ ಎತ್ತಿ, "ನಾನು ನಿನ್ನನ್ನು ಕಳಿಸುದಲ್ಲ, ನೀನು ಹೊರಟು ಬಹಳ ದಿನ ಆಯ್ತು. ಚೀಲದ ಅಡಿಯಲ್ಲಿ ಒಂದು ಕಟ್ಟು ಉಂಟು. ಸೋಣ ಒಂದಕ್ಕೆ ಬಿಚ್ಚು, ಅದಕ್ಕೆ ಮೊದಲು ಮುಟ್ಟಬೇಡ" ಅಂದರು. ಕಯಲ್‌ಳನ್ನು ಎತ್ತಿಕೊಂಡು ಕಾರಿನ ತನಕ ಬಂದವರು ಮಗುವನ್ನು ನನ್ನ ಕೈಗೆ ಕೊಡಲು ಸ್ವಲ್ಪ ಹೊತ್ತು ಮಾಡಿದರು.

ಸವಣೂರಿನ ಪೇಟೆಯಲ್ಲಿ ಕಾದು ನಿಂತೆವು. ಸಣ್ಣ ಪೇಟೆ, ಆವತ್ತು ಮಳೆಗೆ ಅರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ಜೀಪು ಕಾಣದೆ ಹೊತ್ತು ಹೋಗುತ್ತಾ ನಮ್ಮವರೇ ಗಡಿಯಾರ ನೋಡತೊಡಗಿದ್ದರು. ಕಡೆಗೆ ಪುತ್ತೂರಿನ ದಿಕ್ಕಿನಿಂದ ಹಾರ್ನು ಬಿಡದೆ ಒತ್ತುತ್ತಾ ಬಂತು. ಹಿಂದೆ ರಬ್ಬರ್ ಹಾಳೆಯ ರಾಶಿ, ಅದರ ಮೇಲೆ ಟಾರ್ಪಾಲು, ಮುಂದೆ ತ್ರೇಸಿಯಮ್ಮನ ಮಡಿಲಲ್ಲಿ ಮಗುವಿನ ಹಾಗೆ ನೀಲಿ ಚೀಲ. ದಾರಿಯಲ್ಲಿ ನೀರು ಏರಿ ಎರಡು ಕಡೆ ನಿಲ್ಲಿಸಬೇಕಾಯಿತಂತೆ. ಕಯಲ್ ಮೊದಲು ಜಿಪ್ಪು ಎಳೆದು ಮೊಲವನ್ನು ಹೊರಗೆ ತೆಗೆದು, ಮೂಸಿ ನೋಡಿ, "ನಾರುತ್ತದೆ!" ಅಂತ ನಕ್ಕಿತು. ಚೀಲ, ಬಟ್ಟೆ, ಮೊಲ, ಎಲ್ಲಕ್ಕೂ ರಬ್ಬರ್ ಹೊಗೆಯ ವಾಸನೆ ಹಿಡಿದಿತ್ತು. "ನಾರ್ವೆಯಲ್ಲಿ ಎರಡು ಸಲ ಒಗೆ, ಹೋಗ್ತದೆ" ಅಂದೆ. ಮಲರ್ ಚೀಲವನ್ನು ತಬ್ಬಿಕೊಂಡು, "ಒಗೆಯುದಿಲ್ಲ ಅಕ್ಕಾ" ಅಂದಳು. ನಾನು ಅಲ್ಲಿಂದ ವಾಪಸ್. ಕಾರು ಬೆಳ್ಳಾರೆಯ ಕಡೆ ತಿರುಗುವ ತನಕ ಹಿಂದಿನ ಗಾಜಿನಲ್ಲಿ ಮೊಲದ ಕಿವಿ ಆಡುತ್ತಿತ್ತು. ನಾನು, ತ್ರೇಸಿಯಮ್ಮ ಇಬ್ಬರೂ ರಸ್ತೆ ಬದಿಯಲ್ಲಿ ನಿಂತು ಜೋರಾಗಿ ಅತ್ತೆವು. ಪೇಟೆಯವರು ಯಾರೋ ಹೋದರು ಅಂತ ಮಾಡಿರಬೇಕು.

ಅವರು ಮುಟ್ಟಿದರು. ವಿಮಾನ ನಿಲ್ದಾಣದಲ್ಲಿ ಕಯಲ್ ಅಪ್ಪನನ್ನು ಕಂಡು ಮೊದಲು ಕೇಳಿದ್ದು, ನೀನು ಇಷ್ಟು ದಿನ ನೆಲ್ಯಾಡಿಗೆ ಯಾಕೆ ಬರಲಿಲ್ಲ ಅಂತ. ಅವನಿಗೆ ಅರ್ಥವಾಗದೆ ಅತ್ತನಂತೆ. ಸೋಣ ಒಂದರಂದು ಮಲರ್ ವಿಡಿಯೋ ಕಾಲ್ ಮಾಡಿದಳು. ಹಸಿರು ಸೀರೆ ಉಟ್ಟಿದ್ದಳು. ಆಟಿಯಲ್ಲಿ ಹೊಸ ಬಟ್ಟೆ ಕೊಡುವಂತಿಲ್ಲ ಅಂತ ಅತ್ತೆ ಕಾರ್ತೆಲಿನಲ್ಲೇ ಚೀಲದ ಅಡಿಗೆ ಹಾಕಿದ್ದ ಸೀರೆ ಅದು.

ಅದೇ ದಿನ ಮಧ್ಯಾಹ್ನ ಅತ್ತೆ ಹಬ್ಬಗಳ ತಿಂಗಳು ಬಂತು ಅಂತ ತಮ್ಮ ಮರದ ಪೆಟ್ಟಿಗೆ ಬಿಚ್ಚಿ ಸೀರೆಗಳನ್ನು ಹೊರಗೆ ಹಾಕುತ್ತಿದ್ದರು. ಇದ್ದಕ್ಕಿದ್ದ ಹಾಗೆ, "ವಾರಿಜಾ! ಬಾ ಇಲ್ಲಿ! ಕಳ್ಳಿ, ಕಳ್ಳಿ!" ಅಂತ ಕೂಗಿದರು. ಓಡಿದೆ. ಪೆಟ್ಟಿಗೆಯ ತಳದಲ್ಲಿ ಕಯಲ್‌ಳ ಹಳದಿ ಫ್ರಾಕು. ಮೊದಲ ದಿನ ನನ್ನ ಅಂಗಡಿಗೆ ಬರುವಾಗ ಹಾಕಿಕೊಂಡಿದ್ದದ್ದು. ಒಗೆದು, ಚೆಂದ ಮಡಚಿ, ಮೂಲೆಗೆ ಅರಸಿನ ಕುಂಕುಮ ಮುಟ್ಟಿಸಿ ಇಟ್ಟಿದ್ದಳು ಮಲರ್. ಅತ್ತೆ ಚೀಲಕ್ಕೆ ಹೇಗೆ ಮಾಡಿದ್ದರೋ ಸರಿಯಾಗಿ ಹಾಗೆಯೇ.

ನಾನು ಮೊದಲು ಮರೆತು ಹೋಗಿರಬೇಕು ಅಂದೆ. ಅತ್ತೆ ನನ್ನನ್ನು ದಡ್ಡಿ ಅಂತ ಬೈದರು. "ಮರೆತದ್ದಲ್ಲ. ವಾಪಸ್ ಬರುವ ದಾರಿಗೆ ಇಟ್ಟದ್ದು. ಪ್ರಸ್ಥಾನ."

ಇದೆಲ್ಲ ಆಗಿ ನಾಲ್ಕು ಮಳೆಗಾಲ ಕಳೆದಿದೆ. ಅವರಿಗೆ ಅಲ್ಲಿಂದ ಹೊರಗೆ ಹೋಗಿ ಬರುವಂಥ ಪಾಸ್‌ಪೋರ್ಟು ಸಿಗಲು ಇನ್ನೂ ಕಾಯಬೇಕಂತೆ. ಕಯಲ್ ಎತ್ತರ ಬೆಳೆದಿದ್ದಾಳೆ. ಹೋದ ವರ್ಷ ನಾನು, ಆ ಫ್ರಾಕನ್ನು ಪಾರ್ಸೆಲ್ ಮಾಡಿ ಕಳಿಸುವ, ಮಗು ದೊಡ್ಡದಾದ ಮೇಲೆ ನೆನಪಿಗೆ ಇಟ್ಟುಕೊಳ್ಳಲಿ ಅಂದದ್ದಕ್ಕೆ ಅತ್ತೆ ಉರಿದು ಬಿದ್ದರು. "ಇಟ್ಟ ಪ್ರಸ್ಥಾನವನ್ನು ಕಳಿಸಿ ಕೊಡುದುಂಟಾ? ಇಟ್ಟವರೇ ಬಂದು ಅದನ್ನು ಸೇರ್ಬೇಕು. ನಿನಗೆ ಎಷ್ಟು ಹೇಳಿದರೂ ಅಷ್ಟೇ." ಪೆಟ್ಟಿಗೆಯ ಬೀಗದ ಕೈ ಈಗ ಅವರ ಸೊಂಟದಲ್ಲಿರುತ್ತದೆ.

ನಾಡಿದ್ದು ಮತ್ತೆ ಆಟಿ ಹುಟ್ಟುತ್ತದೆ. ನೆಲ್ಯಾಡಿಯಿಂದ ಬಂದು ಬಸ್ಸಿಳಿದ ಆ ಸಂಜೆ, ನೆರೆಮನೆಯವಳು ಜಗಲಿಯಲ್ಲಿ ಕೂತು ಅತ್ತೆಯನ್ನು ಕೇಳುತ್ತಿದ್ದಳು. "ಸೇಸಕ್ಕಾ, ನಿಮ್ಮ ಮಗಳು ಈ ಸಲ ಆಟಿಗೆ ಬರುವುದುಂಟಾ?"

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಸೆರಗಿನಿಂದ ತುಟಿ ಒರೆಸಿಕೊಂಡು ಹೇಳಿದರು. "ಅವಳು ಹೊರಟಾಗಿದೆ. ದಾರಿಯಲ್ಲಿದ್ದಾಳೆ."